ಅಪರೂಪದ ಕಾರಿಗೆ ಮಾಲೀಕ ಯಾರು?

ಮೊದಲೇ ಹೇಳಿಬಿಡ್ತೀನಿ, ನನ್ನ ಹತ್ರ ಇಟಲಿಯ ಸ್ಪೋರ್ಟ್ಸ್ ಕಾರಿಲ್ಲ. ಇರೋದು ಇನ್ನೂ ಎರಡು ವರ್ಷದ ಇಎಂಐ ಬಾಕಿಯಿರುವ ಒಂದು ಹ್ಯಾಚ್‌ಬ್ಯಾಕ್. ಆದರೂ ಈ ವಿಷಯದಲ್ಲಿ ಮಾತಾಡೋಕೆ ನನಗೊಂದು ಸಣ್ಣ ಹಕ್ಕಿದೆ ಅಂದ್ಕೊಂಡಿದ್ದೀನಿ. ಹತ್ತು ವರ್ಷದಿಂದ ನನ್ನ ಹೊಟ್ಟೆಪಾಡು ಕಾರಿನೊಳಗೆ ಓಡುವ ಸಾಫ್ಟ್‌ವೇರ್ ಬರೆಯೋದು.

ಕಾರಿನ ಹುಚ್ಚಿರೋರು ಸೇರಿದ ಕಡೆಯೆಲ್ಲ ಒಂದು ವಾದ ಕೇಳಿಬರುತ್ತೆ. ಹಳೇ ಇಟಾಲಿಯನ್ ಕಾರು ನೋಡೋಕೆ ಚೆಂದ, ಸಾಕೋಕೆ ಕಷ್ಟ. ತುಕ್ಕು ಹಿಡಿಯುತ್ತೆ, ಆಯಿಲ್ ಸೋರುತ್ತೆ, ಚಳಿಗೆ ಸ್ಟಾರ್ಟ್ ಆಗಲ್ಲ. ಅದರ ಬದಲು ಕೆಲವೇ ಕೆಲವು ತಯಾರಾದ ಈ ಕಾಲದ ಕಾರು ತಗೊಳ್ಳಿ. ಹಳೇ ಕಾರಿನ ಅಂದವೂ ಸಿಗುತ್ತೆ, ಹೊಸ ಕಾರಿನ ನೆಮ್ಮದಿಯೂ ಸಿಗುತ್ತೆ, ಬೆಲೆಯೂ ಏರುತ್ತೆ. ಕೇಳೋಕೆ ಸರಿಯಾಗೇ ಇದೆ. ಆದರೆ ಈ ‘ನೆಮ್ಮದಿ’ ಅನ್ನೋ ಮಾತನ್ನ ಸ್ವಲ್ಪ ಬಿಚ್ಚಿ ನೋಡಬೇಕು.

ಈ ವಾದಕ್ಕೆ ಸಿಗುವ ಅತ್ಯುತ್ತಮ ಸಾಕ್ಷಿಯನ್ನೇ ತಗೊಳ್ಳೋಣ: ಆಲ್ಫಾ ರೋಮಿಯೊ 8ಸಿ ಕಾಂಪಿಟಿಝಿಯೋನೆ. 2003ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿಕೊಂಡು, 2007ರಿಂದ ಮಾಡೆನಾದ ಮಸೆರಾಟಿ ಕಾರ್ಖಾನೆಯಲ್ಲಿ ತಯಾರಾದ ಕಾರು. 500 ಕೂಪೆ, ಆಮೇಲೆ ಹೆಚ್ಚೆಂದರೆ 500 ಸ್ಪೈಡರ್, ಅಷ್ಟೇ. ಕಾರ್ಬನ್ ಫೈಬರ್ ಮೈ, 4.7 ಲೀಟರಿನ ವಿ8 ಎಂಜಿನ್, 450 ಅಶ್ವಶಕ್ತಿ. ಹೆಸರು 1930ರ ದಶಕದಲ್ಲಿ ವಿತ್ತೋರಿಯೊ ಯಾನೊ ರೂಪಿಸಿದ ಎಂಟು ಸಿಲಿಂಡರಿನ 8ಸಿ ಕಾರುಗಳಿಂದ ಬಂದದ್ದು. ಮೈಯ ಗೆರೆಗಳು 60ರ ದಶಕದವು. ಅದರ ಅಂದದ ಬಗ್ಗೆ ನನ್ನದು ತಕರಾರಿಲ್ಲ. ಈ ಶತಮಾನದಲ್ಲಿ ಇಷ್ಟು ಚೆಂದದ ಕಾರು ಬಂದದ್ದು ಕಡಿಮೆ.

ಅದರ ಪಕ್ಕ ಅದೇ ಕಂಪನಿಯ ಹಳೇ ಕಾರೊಂದನ್ನ ಇಡಿ. 1963ರ ಜೂಲಿಯಾ ಸ್ಪ್ರಿಂಟ್ ಜಿಟಿ. ಬರ್ಟೋನೆಯಲ್ಲಿ ಕೆಲಸಕ್ಕಿದ್ದ ಯುವಕ ಜುಜಾರೊ ಚಿತ್ರಿಸಿದ್ದು. 1570 ಸಿಸಿ ಎಂಜಿನ್, ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಈ ಕೂಪೆ ಬಳಗದ ಕಾರುಗಳು ಬೇರೆ ಬೇರೆ ಎಂಜಿನ್ ಹೊತ್ತು 70ರ ದಶಕದ ನಡುವಿನವರೆಗೂ ತಯಾರಾದವು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು. ಅಂದ್ರೆ ಅಪರೂಪವೇ ಅಲ್ಲ. ಅದಕ್ಕೇ ಇವತ್ತಿಗೂ ಯುರೋಪಿನ ಸಣ್ಣ ಸಣ್ಣ ಕಂಪನಿಗಳು ಇದರ ಬಿಡಿಭಾಗ ತಯಾರಿಸಿ ಮಾರುತ್ತವೆ.

ಈಗ ಎರಡೂ ಕೆಟ್ಟವು ಅಂತಿಟ್ಟುಕೊಳ್ಳಿ. ಜೂಲಿಯಾದ್ದು ಕಾರ್ಬುರೇಟರ್. ಬಿಚ್ಚಬಹುದು, ಕಣ್ಣಿಗೆ ಕಾಣುತ್ತೆ, ಜೆಟ್‌ನಲ್ಲಿ ಕಸ ಸಿಕ್ಕಿದ್ರೆ ಊದಿ ತೆಗೀಬಹುದು. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಾನು ಇಟಲಿಗೆ ಹೋಗಬೇಕಿರಲಿಲ್ಲ. ನಮ್ಮೂರಿಗೆ ಬರುತ್ತಿದ್ದ ಡಾಕ್ಟರ ಪ್ರೀಮಿಯರ್ ಪದ್ಮಿನಿಯೂ ಮೂಲದಲ್ಲಿ ಇಟಲಿಯದ್ದೇ, ಮುಂಬೈನ ಕುರ್ಲಾದಲ್ಲಿ ತಯಾರಾದ ಫಿಯಟ್ 1100. ಅದು ಕೆಮ್ಮಿ ನಿಂತರೆ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಸೈಕಲ್ ಪಂಪ್ ಹಿಡ್ಕೊಂಡು ಬರ್ತಿದ್ರು. ಅರ್ಧ ಗಂಟೆ, ಒಂದು ಟೀ, ಕಾರು ಹೊರಟಿತು.

8ಸಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಕ್ಲಚ್ ಇದೆ, ಆದರೆ ಅದನ್ನ ಒತ್ತೋದು ಕಂಪ್ಯೂಟರ್ ಹೇಳಿದಂತೆ ಕೇಳುವ ಹೈಡ್ರಾಲಿಕ್ಸ್. ಈ ಬಗೆಯ ಗೇರ್‌ಬಾಕ್ಸ್‌ಗೆ ಹೊಸ ಕ್ಲಚ್ ಹಾಕಿದರಷ್ಟೇ ಸಾಲದು. ಅದು ಎಲ್ಲಿ ಹಿಡಿಯುತ್ತೆ, ಎಲ್ಲಿ ಬಿಡುತ್ತೆ ಅಂತ ಕಂಪ್ಯೂಟರಿಗೆ ಕಲಿಸಬೇಕು. ಕಲಿಸೋಕೆ ತಕ್ಕ ಡಯಾಗ್ನೊಸ್ಟಿಕ್ ಉಪಕರಣ ಬೇಕು, ಉಪಕರಣದೊಳಗೆ ತಕ್ಕ ಸಾಫ್ಟ್‌ವೇರ್ ಬೇಕು. ಹೆಚ್ಚೆಂದರೆ ಸಾವಿರ ಕಾರಿಗೋಸ್ಕರ ಆ ಸಾಫ್ಟ್‌ವೇರನ್ನ ಮೂವತ್ತು ವರ್ಷ ಯಾರು ನೋಡ್ಕೊಳ್ತಾರೆ? ಐದು ವರ್ಷ ಹಳೇ ಪ್ರಾಜೆಕ್ಟನ್ನ ಬಿಲ್ಡ್ ಮಾಡೋಕೇ ನಾವು ತಿಣುಕಾಡ್ತೀವಿ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ವೆಲ್ಡಿಂಗ್ ಮಾಡೋನು ಸಿಗ್ತಾನೆ. ಕೋಡಿಗೆ ತುಕ್ಕು ಹಿಡಿದರೆ ಬರೆದೋನು ಕಂಪನಿ ಬಿಟ್ಟು ಎಂಟು ವರ್ಷ ಆಗಿರುತ್ತೆ.

ಹೋದ ವರ್ಷ ಇದು ನಮ್ಮನೆ ಬಾಗಿಲಿಗೇ ಬಂತು. ಊರಲ್ಲಿ ಅಣ್ಣನ ಕಾರಿನ ಮೀಟರ್ ಬೋರ್ಡ್ ಕೆಟ್ಟಿತು. ಸ್ಪೋರ್ಟ್ಸ್ ಕಾರಲ್ಲ, ಎಲ್ಲರ ಮನೆಯಲ್ಲೂ ಇರುವಂಥದ್ದು. ಅದೇ ಮೇಸ್ತ್ರಿಯ ಮಗ ಗುಜರಿಯಿಂದ ಒಳ್ಳೇ ಬೋರ್ಡ್ ತಂದು ಕೂರಿಸಿದ. ಕಾರು ಅದನ್ನ ಗುರುತಿಸಲಿಲ್ಲ, ಸ್ಟಾರ್ಟೂ ಆಗಲಿಲ್ಲ. ಹುಡುಗ ನನಗೇ ಫೋನ್ ಮಾಡಿದ: “ಅಣ್ಣಾ, ನೀವು ಇದೇ ಕೆಲಸ ಮಾಡೋದಂತಲ್ಲ, ಇದರ ಬೀಗ ತೆಗೆಯೋದು ಹೆಂಗೆ ಹೇಳಿ.” ನನಗೆ ಬಹುಮಟ್ಟಿಗೆ ಗೊತ್ತಿತ್ತು. ಹೇಳೋಹಾಗಿರಲಿಲ್ಲ. ಆ ಕೋಡ್ ನಮ್ಮದಲ್ಲ, ಆದರೆ ಅಂಥದ್ದೇ ಒಂದನ್ನ ಇನ್ನೊಂದು ಕಂಪನಿಗೆ ನಮ್ಮ ಟೀಮ್ ಬರೆದಿತ್ತು, ರಿವ್ಯೂನಲ್ಲಿ ‘ಅಪ್ರೂವ್’ ಒತ್ತಿದ್ದು ನಾನೇ. ಕಳ್ಳತನ ತಡೆಯೋಕೆ ಅಂಥ ಬೀಗ ಬೇಕು, ನಿಜ. ಆದರೆ ಅಪ್ಪನ ಕಣ್ಣಿನ ಆಪರೇಷನ್ ಇದ್ದ ವಾರ ಸ್ವಂತ ಕಾರು ಲಾರಿ ಮೇಲೇರಿ ಸಿಟಿಗೆ ಹೋಗಿ ಹನ್ನೆರಡು ದಿನ ನಿಂತಿತು. ಅಪ್ಪ ಬಸ್ಸಿನಲ್ಲಿ ಹೋದರು. ಆರ್‌ಸಿಯಲ್ಲಿ ಅಣ್ಣನ ಹೆಸರಿದೆ, ಬೀಗದ ಕೈ ಇನ್ಯಾರದೋ ಹತ್ರ ಇದೆ.

ನಮ್ಮಂಥೋರ ಕಾರಿನ ಕಥೆಯೇ ಇದಾದರೆ, ಹೆಚ್ಚೆಂದರೆ ಸಾವಿರವಿರುವ ಕಾರಿನ ಕಥೆ ಏನಿರಬೇಕು? ಅದರ ಒಡೆಯ ನಿಜಕ್ಕೂ ಕಾವಲುಗಾರ. ಬಡಿದು ನೇರ ಮಾಡೋಕಾಗದ ಮೈ, ಎಲ್ಲೆಂದರಲ್ಲಿ ಸಿಗದ ಭಾಗ, ಒಂದು ಗೀರು ಬಿದ್ದರೂ ಎದೆ ಧಸಕ್ ಅನ್ನುತ್ತೆ. ಆದ್ದರಿಂದ ಓಡಿಸೋದಿಲ್ಲ. ಹರಾಜಿನ ಜಾಹೀರಾತುಗಳಲ್ಲಿ ಇಂಥ ಕಾರುಗಳ ದೊಡ್ಡ ಹೆಗ್ಗಳಿಕೆಯೇ ಎಷ್ಟು ಕಡಿಮೆ ಕಿಲೋಮೀಟರ್ ಓಡಿದೆ ಅನ್ನೋದು. ನಮ್ಮೂರ ದನದ ಜಾತ್ರೆಯಲ್ಲಿ ಯಾರಾದ್ರೂ ‘ಈ ಎತ್ತನ್ನ ಒಂದು ದಿನಾನೂ ನೇಗಿಲಿಗೆ ಕಟ್ಟಿಲ್ಲ’ ಅಂದ್ರೆ ಜನ ಹಲ್ಲು ನೋಡೋದೂ ಇಲ್ಲ, ಮುಂದೆ ಹೋಗ್ತಾರೆ.

ಅಪರೂಪದಲ್ಲೂ ಎರಡು ಜಾತಿಯಿದೆ ಅಂತ ನನಗೆ ಹೊಳೆದದ್ದು ಆರೆಸೆಯಲ್ಲಿ. ಪ್ರಾಜೆಕ್ಟ್ ಕೆಲಸಕ್ಕೆ ಮಿಲಾನಿಗೆ ಹೋಗಿದ್ದಾಗ ಒಂದು ಭಾನುವಾರ ಊರಾಚೆ ಇರುವ ಆಲ್ಫಾ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ 33 ಸ್ಟ್ರಾಡಾಲೆ ನಿಂತಿದೆ. ಫ್ರಾಂಕೊ ಸ್ಕಾಲ್ಯೋನೆ ರೂಪಿಸಿದ, 1967ರಲ್ಲಿ ಹೊರಬಂದ ಕಾರು. ರೇಸ್ ಕಾರಿಗೆ ರಸ್ತೆ ಬಟ್ಟೆ ತೊಡಿಸಿದ ಹಾಗಿದೆ. ಆದದ್ದು 18 ಮಾತ್ರ. ಆ ಕಾಲಕ್ಕೆ ವಿಪರೀತ ದುಬಾರಿಯಾಗಿ, ಕೊಳ್ಳೋರು ಕಡಿಮೆಯಾದರು. ಕೆಲವು ಚಾಸಿಗಳು ಹೊಸ ಪ್ರಯೋಗಗಳಿಗೆ ಹೋದವು. ಬರ್ಟೋನೆಯ 1968ರ ಕರಾಬೊ ಹುಟ್ಟಿದ್ದು ಹಾಗೆ. 2023ರಲ್ಲಿ ಅದೇ ಹೆಸರಿನಲ್ಲಿ ಹೊಸ ಕಾರು ಘೋಷಣೆಯಾಯಿತು. 33 ಮಾತ್ರ ಅಂತ ಮೊದಲೇ ನಿರ್ಧಾರ, ಪರದೆ ಸರಿಯುವ ಮೊದಲೇ ಎಲ್ಲವೂ ಮಾರಾಟ. ಮೊದಲನೆಯದನ್ನ ಅಪರೂಪ ಮಾಡಿದ್ದು ಕಾಲ ಮತ್ತು ಅದರ ದುರದೃಷ್ಟ. ಎರಡನೆಯದನ್ನ ಅಪರೂಪ ಮಾಡಿದ್ದು ಒಂದು ಮೀಟಿಂಗ್.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಜೂಲಿಯಾದಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಗುವನ್ನ ಕೂರಿಸಿಕೊಂಡು ಹೆದ್ದಾರಿಗೆ ಹೋಗು ಅಂದ್ರೆ ನಾನು ಹೊಸ ಕಾರನ್ನೇ ಹತ್ತೋದು. ಹಳೇ ಕಾರೂ ಬ್ಯಾಂಕ್ ಲಾಕರ್ ಸೇರಬಹುದು. 2018ರಲ್ಲಿ ಒಂದು ಫೆರಾರಿ 250 ಜಿಟಿಒ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಅದನ್ನ ಕೊಂಡೋನು ತರಕಾರಿ ತರೋಕೆ ತಗೊಂಡು ಹೋಗಲ್ಲ. ಆದರೂ ಪ್ರತಿ ವರ್ಷ ಬ್ರೆಶಿಯಾದಿಂದ ರೋಮಿಗೆ ಹೋಗಿ ಬರುವ ಮಿಲ್ಲೆ ಮಿಲಿಯಾದಲ್ಲಿ ಕೋಟಿಗಟ್ಟಲೆ ಬಾಳುವ ಹಳೇ ಕಾರುಗಳು ಮಾಮೂಲಿ ರಸ್ತೆಯಲ್ಲಿ, ಮಳೆ ಬಂದರೆ ಮಳೆಯಲ್ಲೇ, ನೂರಾರು ಮೈಲಿ ಓಡುತ್ತವೆ. ದಾರಿಯಲ್ಲಿ ಕೆಟ್ಟರೆ ಬಾನೆಟ್ ಎತ್ತಿ ಸರಿ ಮಾಡೋ ಕೈಗಳಿವೆ ಅನ್ನೋ ಧೈರ್ಯ ಅದು.

ಆದ್ದರಿಂದ ಹಳೇದಾ ಹೊಸದಾ, ಎಷ್ಟು ತಯಾರಾಗಿದೆ ಅನ್ನೋ ಪ್ರಶ್ನೆಗಳನ್ನ ನಾನು ಪಕ್ಕಕ್ಕಿಡ್ತೀನಿ. ಕೇಳಬೇಕಾದ್ದು ಒಂದೇ: ಕೆಟ್ಟಾಗ ಅದನ್ನ ಬಿಚ್ಚೋ ಅಧಿಕಾರ ಯಾರಿಗಿದೆ? ಆ ಲೆಕ್ಕದಲ್ಲಿ ಎರಡು ಲಕ್ಷದಲ್ಲಿ ಒಂದಾದ ಜೂಲಿಯಾ ಅದರ ಒಡೆಯನದ್ದು. ಹೆಚ್ಚೆಂದರೆ ಸಾವಿರದಲ್ಲಿ ಒಂದಾದ 8ಸಿ ಇನ್ನೂ ಅರ್ಧ ಕಂಪನಿಯದ್ದೇ.

ಮೇಸ್ತ್ರಿಯ ಮಗನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ವಾರ ನಮ್ಮ ಟೀಮಿನಲ್ಲಿ ಅದೇ ಬೀಗದ ಹೊಸ ವರ್ಷನ್ನಿನ ರಿವ್ಯೂ ಇದೆ. ಒಡೆಯ ಒಪ್ಪಿದರೆ ಹೊರಗಿನ ಮೆಕ್ಯಾನಿಕ್ಕಿಗೂ ದಾರಿ ಬಿಡಬೇಕು ಅಂತ ಒಂದು ಕಾಮೆಂಟ್ ಹಾಕಿದ್ದೀನಿ. ಮ್ಯಾನೇಜರ್ ಇನ್ನೂ ಏನೂ ಅಂದಿಲ್ಲ. ಈ ಸಲ ‘ಅಪ್ರೂವ್’ ಒತ್ತೋಕೆ ಮುಂಚೆ ನಾನಂತೂ ಊರಿಗೊಂದು ಫೋನ್ ಮಾಡ್ತೀನಿ.