ಡ್ರಮ್ಮಿನೊಳಗಿನ ಆರು ತುಂಡುಗಳು

ಹಳೆಯ ಮೋಟಾರುಸೈಕಲಿನ ಸೊಬಗನ್ನು ಟ್ಯಾಂಕಿನ ಮೇಲೆ ಕೈಯಿಂದ ಎಳೆದ ಗೆರೆಗಳಲ್ಲಿಯೂ ಸೈಲೆನ್ಸರಿನ ಕ್ರೋಮಿಯಂ ಹೊಳಪಿನಲ್ಲಿಯೂ ಅರಸುವ ರಸಿಕರು ಅನೇಕರುಂಟು; ಆದರೆ ಅದೇ ಗಾಡಿ ಆಳಂದದಿಂದ ಕಲಬುರಗಿಯವರೆಗೆ ಜಗ್ಗಾಟವಿಲ್ಲದೆ ಸಾಗಿಬರುವುದು ಹಿಂದಿನ ಬ್ರೇಕ್ ಡ್ರಮ್ಮಿನ ಮರೆಯಲ್ಲಿ, ಯಾರ ದೃಷ್ಟಿಗೂ ಬೀಳದೆ ಕುಳಿತಿರುವ ಆರು ರಬ್ಬರ್ ತುಂಡುಗಳ ಉಪಕಾರದಿಂದ ಎಂಬುದನ್ನು ಮನಗಂಡವರು ವಿರಳ. ಅಂಗಡಿಯವರು ಇವುಗಳನ್ನು 'ಡ್ರಮ್ ರಬ್ಬರ್' ಎನ್ನುತ್ತಾರೆ. ಹಳೆಯ ಬುಲೆಟ್ಟಿಗೆ ತಕ್ಕ ಡ್ರಮ್ ರಬ್ಬರನ್ನು ಹುಡುಕಿ ಆರಿಸುವ ಕ್ರಮವೇ ಈ ವಾರದ ವಿಷಯ.

ಮೊದಲು ಅವುಗಳ ಕಾರ್ಯವನ್ನು ತಿಳಿಯತಕ್ಕದ್ದು. 1955ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ದಶಕಗಳ ಕಾಲ ತಯಾರಿಸಿದ 346 ಸಿಸಿಯ ಬುಲೆಟ್ಟಿನಲ್ಲಿ ಇರುವುದು ಒಂದೇ ಸಿಲಿಂಡರು. ಎಂಜಿನ್ನು ಎರಡು ಸುತ್ತು ತಿರುಗಿದರೆ ಒಮ್ಮೆ ಮಾತ್ರ ಇಂಧನ ಸಿಡಿದು ಪಿಸ್ಟನ್ನನ್ನು ದೂಡುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಅಂದರೆ ಸೆಕೆಂಡೊಂದರಲ್ಲಿ 25 ಸಲ, ಚೈನು ಜಗ್ಗಿ ಮತ್ತೆ ಸಡಿಲವಾಗುತ್ತದೆ. ಈ ಜಗ್ಗಾಟ ನೇರವಾಗಿ ಚಕ್ರಕ್ಕೆ ತಗುಲಿದರೆ ಚೈನಿನ ಕೊಂಡಿಗಳೂ ಸ್ಪ್ರಾಕೆಟ್ಟಿನ ಹಲ್ಲುಗಳೂ ಬಹುಕಾಲ ಬಾಳವು. ಆದುದರಿಂದ ಚಕ್ರದ ಹಬ್ಬಿನೊಳಗೆ ಮೂರು ರೆಕ್ಕೆಗಳನ್ನು ಎರಕಹೊಯ್ದು, ಡ್ರಮ್ಮಿನ ಕಡೆಯಿಂದ ಬರುವ ಮೂರು ರೆಕ್ಕೆಗಳನ್ನು ಅವುಗಳ ನಡುವೆ ನಿಲ್ಲಿಸಿ, ಪ್ರತಿಯೊಂದರ ಎರಡು ಮಗ್ಗುಲಲ್ಲಿಯೂ ಒಂದೊಂದು ರಬ್ಬರನ್ನು ಇರಿಸಿದರು. ಲೋಹಕ್ಕೂ ಲೋಹಕ್ಕೂ ಜಗಳ ಬಂದಾಗ ನಡುವೆ ನಿಂತು ಸಮಾಧಾನ ಹೇಳುವ ಮನೆಯ ಹಿರಿಯನಂತೆ ಈ ರಬ್ಬರು ಪೆಟ್ಟನ್ನು ತಾನು ಉಂಡು ಬಲವನ್ನು ಮಾತ್ರ ಮುಂದಕ್ಕೆ ದಾಟಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಗಾಡಿಯಲ್ಲಿ ಸ್ಪ್ರಾಕೆಟ್ಟೂ ಬ್ರೇಕ್ ಡ್ರಮ್ಮೂ ಒಂದೇ ಅಂಗವಾಗಿರುವುದರಿಂದ, ಎಂಜಿನ್ನಿನ ಎಳೆತದಂತೆ ಬ್ರೇಕಿನ ತಡೆಯೂ ಈ ರಬ್ಬರುಗಳ ಮೂಲಕವೇ ಚಕ್ರವನ್ನು ಮುಟ್ಟಬೇಕು. ಓಟ ಹೆಚ್ಚಿಸಿದಾಗ ಮೂರು ತುಂಡುಗಳು ಒತ್ತಡಕ್ಕೆ ಒಳಗಾಗುತ್ತವೆ. ಪೆಡಲನ್ನು ತುಳಿದಾಗ ಉಳಿದ ಮೂರು. ರಬ್ಬರು ಸವೆದ ಗಾಡಿಯಲ್ಲಿ ಬ್ರೇಕು ಒತ್ತಿದೊಡನೆ ಹಿಂದಿನಿಂದ 'ಟಕ್' ಎಂಬ ಸದ್ದು ಕೇಳಿಬರುವುದೂ, ಹಿಡಿತ ಒಂದು ಕ್ಷಣ ತಡವಾಗಿ ತಟಕ್ಕನೆ ಬಿಗಿಯುವುದೂ ಇದರಿಂದಲೇ. ಲೈನರು ಹೋಗಿದೆಯೆಂದು ಹೊಸ ಬ್ರೇಕ್ ಶೂ ಹಾಕಿಸಿ ಹಣ ಕಳೆಯುವ ಮೊದಲು, ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗೇರಿನಲ್ಲಿಟ್ಟು, ಚೈನನ್ನು ಬಿಗಿಯಾಗಿ ಹಿಡಿದು, ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ನೋಡಿರಿ. ಸ್ಪ್ರಾಕೆಟ್ಟು ಅಲುಗದೆ ಚಕ್ರ ಮಾತ್ರ ಸಡಿಲವಾಗಿ ಹೊರಳಿದರೆ ದೋಷ ರಬ್ಬರಿನದೆಂದು ತಿಳಿಯಬೇಕು.

ನಮ್ಮ ಸೀಮೆಯ ಬಿಸಿಲೂ ಮಣ್ಣೂ ಈ ವಸ್ತುವಿಗೆ ಅನುಕೂಲವಲ್ಲ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ತಾಪದಲ್ಲಿ ದಿನವಿಡೀ ನಿಂತ ಗಾಡಿಯ ರಬ್ಬರು ಕ್ರಮೇಣ ಗಡುಸಾಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಎರೆಹೊಲದ ಕೆಸರು ಹಬ್ಬಿನ ಸಂದಿಯನ್ನು ಹೊಕ್ಕು, ಒಣಗಿದ ಮೇಲೆ ಅರದಂತೆ ಕೆಲಸಮಾಡುತ್ತದೆ. ಅಮರ್ಜಾ ಭೀಮೆಯನ್ನು ಸೇರುವ ಗಾಣಗಾಪುರದ ಸಂಗಮಕ್ಕೆ ಹುಣ್ಣಿಮೆಗೆ ಹೊರಟವರಾಗಲಿ, ಹಿಂದಿನ ಸೀಟಿಗೆ ತೊಗರಿ ಚೀಲವನ್ನು ಕಟ್ಟಿಕೊಂಡು ಜೇವರ್ಗಿಯ ಪೇಟೆಗೆ ಬಂದವರಾಗಲಿ, ಆ ಭಾರದ ಪಾಲನ್ನೂ ಈ ಆರು ತುಂಡುಗಳ ಮೇಲೆಯೇ ಹೊರಿಸುತ್ತಾರೆ.

ಇನ್ನು ಹುಡುಕಾಟದ ಮಾತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳಲ್ಲಿಯೂ ಬಸ್ ನಿಲ್ದಾಣದ ಆಸುಪಾಸಿನ ಬಿಡಿಭಾಗದ ಅಂಗಡಿಗಳಿಗೆ ಹೋಗಿ 'ಬುಲೆಟ್ ಡ್ರಮ್ ರಬ್ಬರ್' ಎಂದರೆ, ಮೊದಲು ಕೈಗೆ ಬರುವುದು ಬಹುಮಟ್ಟಿಗೆ ಈಚಿನ ಗಾಡಿಗಳದು. ಆ ಹಬ್ಬುಗಳ ರಚನೆ ಬೇರೆ. ಅನುಭವಿಯಾದ ವ್ಯಾಪಾರಿ ಹೆಸರು ಕೇಳಿ ಡಬ್ಬಿ ತೆಗೆಯುವುದಿಲ್ಲ. "ಹಳೀ ಪೀಸ್ ತಂದೀರೇನ್ರಿ? ಅದನ್ನ ತೋರಸ್ರಿ, ಆಮ್ಯಾಲ ಮಾತಾಡೋಣು" ಎನ್ನುತ್ತಾನೆ. ಅವನ ಮಾತು ವ್ಯವಹಾರಜ್ಞಾನದ ಮಾತು, ಗೌರವಿಸತಕ್ಕದ್ದೇ. ಆದರೆ ಅಷ್ಟರಿಂದಲೇ ತೃಪ್ತರಾಗುವಂತಿಲ್ಲ. ಹಳೆಯ ತುಂಡು ವರ್ಷಗಟ್ಟಲೆ ಒತ್ತಡಕ್ಕೆ ಸಿಕ್ಕಿ ಕುಗ್ಗಿರುತ್ತದೆ. ಎಣ್ಣೆ ತಗುಲಿದ್ದರೆ ಉಬ್ಬಿರುತ್ತದೆ. ಅದು ಆಕಾರಕ್ಕೆ ಸಾಕ್ಷಿಯೇ ಹೊರತು ಅಳತೆಗೆ ಸಾಕ್ಷಿಯಲ್ಲ. ಅಳತೆ ಉಳಿದಿರುವುದು ಲೋಹದಲ್ಲಿ. ಹಬ್ಬಿನ ಎರಡು ರೆಕ್ಕೆಗಳ ನಡುವಿನ ಅಂತರವನ್ನು ವರ್ನಿಯರಿನಿಂದ ಅಳೆದು, ಅದರಿಂದ ಡ್ರಮ್ಮಿನ ರೆಕ್ಕೆಯ ದಪ್ಪವನ್ನು ಕಳೆದು, ಉಳಿದದ್ದನ್ನು ಎರಡು ಪಾಲು ಮಾಡಿದರೆ ಒಂದು ರಬ್ಬರು ತುಂಬಬೇಕಾದ ಜಾಗ ಸಿದ್ಧಿಸುತ್ತದೆ. ಕುಳಿ ಬೆಣೆಯಾಕಾರದ್ದಾದ ಕಾರಣ ಈ ಲೆಕ್ಕವನ್ನು ಒಳ ಅಂಚಿನಲ್ಲಿಯೂ ಹೊರ ಅಂಚಿನಲ್ಲಿಯೂ ಬೇರೆ ಬೇರೆಯಾಗಿ ಮಾಡಿ, ಆಳವನ್ನೂ ಗುರುತುಹಾಕಿಕೊಳ್ಳಬೇಕು. ರೆಕ್ಕೆಗಳೇ ಸವೆದಿದ್ದರೆ ಮೊದಲು ಅವುಗಳನ್ನು ಸರಿಪಡಿಸದೆ ಹೊಸ ರಬ್ಬರಿಗೆ ಹಣ ಹಾಕುವುದು ವ್ಯರ್ಥ.

ಅಳತೆ ಒಪ್ಪಿದ ಮೇಲೆ ಗುಣದ ಪರೀಕ್ಷೆ. ಉಗುರಿನಿಂದ ಒತ್ತಿದ ಗುರುತು ಕೂಡಲೇ ಮಾಯವಾಗಬೇಕು. ತುಂಡನ್ನು ಬಾಗಿಸಿದಾಗ ಮೈಮೇಲೆ ಸಣ್ಣ ಬಿರುಕುಗಳು ತೋರಬಾರದು. ವರ್ಷಾನುಗಟ್ಟಲೆ ಕಪಾಟಿನಲ್ಲಿದ್ದ ಅಸಲಿ ಮಾಲು ಎಂಬ ಕಾರಣಕ್ಕೆ ಮರುಳಾಗಬೇಡಿ: ರಬ್ಬರು ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಹಳೆಯ ಟಯರಿನಿಂದ ಕತ್ತರಿಸಿದ ತುಂಡಿನಲ್ಲಿ ನೂಲಿನ ಪದರವಿರುವುದರಿಂದ ಅದು ಎಲ್ಲ ದಿಕ್ಕಿಗೂ ಸಮನಾಗಿ ಮಣಿಯದು. ಎಂದಿಗೂ ಸವೆಯದು ಎಂಬ ಹೊಗಳಿಕೆಯೊಡನೆ ಮಾರುವ ಅತಿ ಗಡುಸಾದ ಪಾಲಿಯುರೆಥೇನ್ ತುಂಡುಗಳ ವಿಷಯದಲ್ಲಿಯೂ ನನಗೆ ಸಮ್ಮತಿಯಿಲ್ಲ. ತಾನು ಸವೆಯದ ತುಂಡು ಚೈನನ್ನೂ ಬೇರಿಂಗನ್ನೂ ಸವೆಸುತ್ತದೆ. ರಬ್ಬರು ಒತ್ತಿದರೆ ಗಾತ್ರದಲ್ಲಿ ಕಿರಿದಾಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ, ಅಷ್ಟೆ. ಉಬ್ಬಲು ಎಡೆಯಿಲ್ಲದಂತೆ ಕುಳಿಯನ್ನು ಪೂರ್ತಿ ತುರುಕಿದರೆ ಅದು ಕಲ್ಲಿಗೆ ಸಮಾನ. ಬಿಗಿಯೂ ಇರಬೇಕು, ಒಂದಿಷ್ಟು ಬಿಡುವೂ ಇರಬೇಕು. ಕೂರಿಸುವಾಗ ಗ್ರೀಸನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಮುಟ್ಟಿಸದೆ ಸಾಬೂನಿನ ನೀರನ್ನು ಸವರಿದರೆ ಸಾಕು. ಆರನ್ನೂ ಒಟ್ಟಿಗೆ ಬದಲಿಸುವುದು ಕ್ರಮ. ಹೊಸದೂ ಹಳೆಯದೂ ಬೆರೆತರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಉಳಿಸಿಕೊಂಡವರಿಗೂ ಈ ವಿವೇಕ ಸಲ್ಲುತ್ತದೆ. ಕಾರ್ಖಾನೆ ಮುಚ್ಚಿದ ಗಾಡಿಗೆ ಬಿಡಿಭಾಗ ಎಲ್ಲಿಯೂ ದೊರೆಯದಿದ್ದಾಗ, ಲೋಹದ ಅಳತೆ ಕೈಯಲ್ಲಿದ್ದರೆ ಅಚ್ಚು ಮಾಡಿಸಿ ರಬ್ಬರನ್ನು ಒತ್ತಿಸುವ ದಾರಿ ತೆರೆದಿರುತ್ತದೆ. ಅಳತೆಯಿಲ್ಲದೆ ಮಾದರಿಯನ್ನು ಮಾತ್ರ ನಂಬಿ ಹೊರಟವನು ಸವೆತವನ್ನೇ ನಕಲು ಮಾಡಿಸಿಕೊಂಡು ಬರುತ್ತಾನೆ. ಗಾಡಿಯ ಕಾಗದಪತ್ರಗಳ ಜೊತೆಯಲ್ಲಿ ಅದರ ಹಬ್ಬಿನ ಅಳತೆಯನ್ನೂ ಬರೆದಿಡುವವನೇ, ನನ್ನ ಎಣಿಕೆಯಲ್ಲಿ, ಹಳೆಯ ಯಂತ್ರವನ್ನು ಹೊಂದಲು ನಿಜವಾದ ಅರ್ಹತೆಯುಳ್ಳವನು.