ಮುತ್ತುಗದ ಹಳದಿ, ಬೋರ್‌ವೆಲ್ಲಿನ ನೀರು

ಶಿವರಾತ್ರಿಯ ಆಸುಪಾಸಿನಲ್ಲಿ ಯಲಹಂಕದ ಕಡೆ ಅಲ್ಲೊಂದು ಇಲ್ಲೊಂದು ಉಳಿದಿರುವ ಮುತ್ತುಗದ ಮರಗಳು ಎಲೆ ಕಳಚಿ ಬರೀ ಹೂವಾಗಿ ನಿಲ್ಲುತ್ತವೆ. ಬೆಳಿಗ್ಗೆ ರಸ್ತೆ ಗುಡಿಸುವ ಮೊದಲೇ ಹೋದರೆ ಒಂದು ಚೀಲ ಹೂವು ನೆಲದ ಮೇಲೇ ಸಿಗುತ್ತದೆ. ಕೊಂಬೆ ಬಗ್ಗಿಸಬೇಡಿ. ಅಲ್ಲಿರುವ ಮಕರಂದ ಸೂರಕ್ಕಿ, ಗೊರವಂಕಗಳ ಪಾಲು.

ಹಿಂದೆ ಓಕುಳಿಗೆ ಕುದಿಸುತ್ತಿದ್ದುದೂ ಇದೇ ಹೂವನ್ನು. ಆದರೆ ಓಕುಳಿ ತೊಳೆದರೆ ಹೋಗಬೇಕು, ಉಡುವ ಬಟ್ಟೆಯ ಬಣ್ಣ ಹೋಗಬಾರದು. ಹಾಗೆ ಬಣ್ಣ ಕಟ್ಟುವುದಕ್ಕೆ ಹೂವಿಗಿಂತ ಬಟ್ಟೆಯ ಸಿದ್ಧತೆ ಮುಖ್ಯ, ನೀರು ಅದಕ್ಕಿಂತ ಮುಖ್ಯ.

100 ಗ್ರಾಂ ಖಾದಿಯನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿ, ಗಂಜಿ ಮತ್ತು ಜಿಡ್ಡು ಬಿಡಿಸಿ. 20 ಗ್ರಾಂ ಅಳಲೆಕಾಯಿ ಪುಡಿ ಕಲಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಹಿಂಡಿ ಒಣಗಿಸಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಅದ್ದಿಡಿ. ಎರಡೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಹತ್ತಿಗೆ ಪಟಿಕ ತಾನಾಗಿ ಸರಿಯಾಗಿ ಅಂಟುವುದಿಲ್ಲ. ಅಳಲೆಯ ಒಗರು ಪಟಿಕವನ್ನು ಹಿಡಿಯುತ್ತದೆ, ಪಟಿಕ ಬಣ್ಣವನ್ನು ಹಿಡಿಯುತ್ತದೆ. ರೇಷ್ಮೆಗೆ ಸೋಡಾವೂ ಬೇಡ, ಅಳಲೆಯೂ ಬೇಡ, ಪಟಿಕ ಸಾಕು.

ನೀರಿನ ಪಾಠ ಕಲಿತದ್ದು ಒಂದು ಒಳ್ಳೆಯ ಪಂಚೆ ಕಳೆದುಕೊಂಡು. ಎಲ್ಲವನ್ನೂ ಬೋರ್‌ವೆಲ್ ನೀರಿನಲ್ಲೇ ಮಾಡಿದ್ದೆ. ಹಳದಿಯ ಬದಲು ಪಾಚಿ ಬಣ್ಣ ಬಂತು. ನೀರಿನಲ್ಲಿದ್ದ ಕಬ್ಬಿಣದ ಅಂಶ ಅಳಲೆಯ ಒಗರಿನ ಜತೆ ಸೇರಿಕೊಂಡಿತ್ತು. ಹಿಂದಿನವರು ಕಪ್ಪು ಶಾಯಿ ಮಾಡುತ್ತಿದ್ದುದು ಈ ಎರಡನ್ನೇ ಕೂಡಿಸಿ! ಈಗ ಹಿಂಗಾರಿನ ಮಳೆನೀರನ್ನು ಇದಕ್ಕೆಂದೇ ಡ್ರಮ್ಮಿನಲ್ಲಿ ಮುಚ್ಚಿಟ್ಟಿರುತ್ತೇನೆ. ಪಾತ್ರೆ ಸ್ಟೀಲಿನದಿರಲಿ, ಅದನ್ನು ಮತ್ತೆ ಅಡುಗೆಗೆ ಬಳಸಬೇಡಿ.

ನೆರಳಲ್ಲಿ ಒಣಗಿಸಿದ ಹೂವು ಬಟ್ಟೆಯ ತೂಕದ ಎರಡರಷ್ಟಿರಲಿ. ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ, ಸೋಸಿ, ಬಟ್ಟೆ ಇಳಿಸಿ ಇನ್ನೊಂದು ಗಂಟೆ ಬಿಸಿಯಲ್ಲಿಡಿ. ಚಿಟಿಕೆ ಸೋಡಾ ಬಿದ್ದರೆ ಹಳದಿ ಕಿತ್ತಳೆಗೆ ತಿರುಗುತ್ತದೆ. ಹೆಚ್ಚಿನವರಿಗೆ ಆ ಕಿತ್ತಳೆ ಇಷ್ಟ. ನನ್ನ ಕಣ್ಣಿಗೆ ಮುತ್ತುಗದ ಚೆಲುವೆಲ್ಲ ಸೋಡಾ ಕಾಣದ ಆ ತಿಳಿಹಳದಿಯಲ್ಲಿದೆ.

ಆದರೆ ಈ ಬಣ್ಣ ಬಿಸಿಲು ತಾಳದು. ದಿನಬಳಕೆಗೆ ಗಟ್ಟಿ ಬಣ್ಣ ಬೇಕೆನ್ನುವವರು ಹೆಗ್ಗೋಡಿನ ಚರಕ ಸಂಸ್ಥೆಯ ನೇಕಾರರು ಬಳಸುವ ಅಡಿಕೆ ಚೊಗರನ್ನು ಹುಡುಕುವುದು ಲೇಸು. ಮುತ್ತುಗದ ಬಟ್ಟೆಯನ್ನು ನೆರಳಿನಲ್ಲೇ ಒಣಗಿಸಿ, ಮಡಿಸಿಟ್ಟು ಹಬ್ಬಕ್ಕೆ ಉಡಿ. ಹೂವಿಗೆ ಶಿವರಾತ್ರಿಯ ಹೊತ್ತಿಗೇ ಹೊರಡಿ. ಯುಗಾದಿಯ ಹೊತ್ತಿಗೆ ಮರದ ತುಂಬ ಕಾಯಿಯಿರುತ್ತದೆ.