ಮಣಿಕಟ್ಟಿನ ಹಸಿರು ದೀಪ

ಫಿಟ್‌ನೆಸ್ ವಾಚನ್ನು ಬಿಚ್ಚಿ ಹಿಂಬದಿ ನೋಡಿ: ಹಸಿರು ದೀಪವೊಂದು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿಗೆ ರಕ್ತ ಉಕ್ಕಿ, ವಾಪಸಾಗುವ ಬೆಳಕು ಕೊಂಚ ಕುಗ್ಗುತ್ತದೆ. ಆ ಏರಿಳಿತ ಎಣಿಸಿಯೇ ವಾಚು ನಾಡಿಬಡಿತ ಹೇಳುವುದು. ನಾಡಿ ನೋಡುವ ಪಂಡಿತರ ಮೂರು ಬೆರಳಿನ ಕೆಲಸ ಇಲ್ಲಿ ಒಂದು ಕಿರಣದ್ದು!

ವಾಚಿನ ಇನ್ನೊಂದು ಕೆಲಸವಾದ ಹೆಜ್ಜೆ ಎಣಿಕೆ ಹಳೆಯದು. 1965ರಲ್ಲಿ ಜಪಾನಿನ ಯಮಾಸಾ ಕಂಪನಿ ‘ಮಾನ್ಪೊ-ಕೆ’ ಎಂಬ ಹೆಜ್ಜೆಮಾಪಕ ಮಾರಿತು. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ದಿನಕ್ಕೆ 10,000 ಹೆಜ್ಜೆ ಎಂಬ ಇಂದಿನ ಗುರಿಯ ಮೂಲ ಆ ಹೆಸರು, ವೈದ್ಯರ ಚೀಟಿಯಲ್ಲ.

ವಾಚು ತೋರಿಸುವ, ನಾವು ಕರಗಿಸಿದ ಕ್ಯಾಲೊರಿ ಮಾತ್ರ ವಯಸ್ಸು, ತೂಕ, ಚಲನೆ ಕೂಡಿಸಿ ಕಟ್ಟಿದ ಅಂದಾಜು. ತಿಂದ ಕ್ಯಾಲೊರಿಯ ಲೆಕ್ಕಕ್ಕಂತೂ ತಟ್ಟೆಯ ಮುದ್ದೆ ಎಷ್ಟು ದಪ್ಪವೆಂದು ವಾಚಿನ ಜೊತೆಗಿನ ಆ್ಯಪ್‌ಗೆ ನಾವೇ ಪ್ರಾಮಾಣಿಕವಾಗಿ ಹೇಳಬೇಕು. ಆದರೂ ಊಟವಾದ ಮೇಲೆ ಸೋಮಾರಿಯನ್ನು ನಾಲ್ಕು ಹೆಜ್ಜೆ ನಡೆಸುವ ಈ ಪುಟ್ಟ ಯಂತ್ರಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.